ಸಹಜ ಎಂಬ ಮುದ್ರೆ

ಜನವರಿ 8, ಗುರುವಾರ
ರೈಲ್ವೆ ಕಾಲನಿ ಆರೋಗ್ಯ ಕೇಂದ್ರ

ಲ್ಯಾಬಿನ ಸಾಹೇಬರಿಗೆ ಕಾಲನಿಯ ನರ್ಸಮ್ಮನ ನಮಸ್ಕಾರ.

ಗೂಡ್ಸ್ ರೈಲಿನ ಗಾರ್ಡ್ ಕೈಯಲ್ಲಿ ಐಸ್ ಪೆಟ್ಟಿಗೆ ಕಳಿಸಿದ್ದೇನೆ. ಒಳಗೆ ಒಂದೇ ಟ್ಯೂಬ್, ಏಳು ತಿಂಗಳ ಹೆಣ್ಣು ಮಗುವಿನ ರಕ್ತ. ನಿಮ್ಮ ಫಾರಂನಲ್ಲಿ ರೋಗಲಕ್ಷಣ ಬರೆಯಲು ಬೆರಳಗಲ ಜಾಗ ಬಿಟ್ಟಿದ್ದೀರಿ. ಅಷ್ಟರಲ್ಲಿ ಈ ಮಗು ಹಿಡಿಸುವುದಿಲ್ಲ, ಅದಕ್ಕೇ ಈ ಕಾಗದ.

ನಾನು ಇವಳನ್ನು ಗುಂಡಮ್ಮ ಎನ್ನುತ್ತೇನೆ. ಕಂಡವರೆಲ್ಲ ಕೆನ್ನೆ ಹಿಂಡುವಷ್ಟು ದುಂಡಗಿದ್ದಾಳೆ. ತಾಯಿಯ ಹಾಲು ಬಿಟ್ಟು ಬೇರೇನೂ ನುಂಗುವುದಿಲ್ಲ. ನಾಲ್ಕನೇ ತಿಂಗಳಲ್ಲಿ ನನ್ನನ್ನು ಕಂಡರೆ ಕೇಕೆ ಹಾಕಿ ನಗುತ್ತಿದ್ದಳು. ಐದರಲ್ಲಿ ಮಗುಚಿಕೊಳ್ಳುತ್ತಿದ್ದಳು. ಆರರಿಂದ ಕಲಿತದ್ದೆಲ್ಲ ಒಂದೊಂದಾಗಿ ಬಿಟ್ಟುಹೋಗುತ್ತಿದೆ. ಈಗ ನಗು ಇಲ್ಲ, ಕತ್ತು ನಿಲ್ಲುವುದಿಲ್ಲ, ಕೈ ಸಣ್ಣಗೆ ನಡುಗುತ್ತದೆ. ನಾಲಿಗೆ ಕೆಂಪಗೆ ನುಣ್ಣಗಿದೆ, ಬೆರಳ ಗೆಣ್ಣುಗಳು ಕಪ್ಪಿಟ್ಟಿವೆ.

ನನ್ನ ಅನುಮಾನ ಬಿ-12 ವಿಟಮಿನ್ ಕೊರತೆ. ತಿಂಗಳಿಗೊಮ್ಮೆ ಬರುವ ನಮ್ಮ ಡಾಕ್ಟರು, "ಮೊದ್ಲು ರಿಪೋರ್ಟ್ ತೋರ್ಸಿ, ಆಮೇಲೆ ಸಹಿ ಹಾಕ್ತೀನಿ" ಎಂದಿದ್ದಾರೆ. ಇಂಜೆಕ್ಷನ್ ನನ್ನ ಕಪಾಟಿನಲ್ಲಿದೆ, ಕೀಲಿ ನನ್ನ ಸೊಂಟದಲ್ಲಿದೆ, ಸಹಿ ಮಾತ್ರ ಇಲ್ಲ. ಈ ವಯಸ್ಸಿನ ಮಗುವಿಗೆ ಒಂದು ತಿಂಗಳು ಎಷ್ಟು ದೊಡ್ಡದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಡವಾದರೆ ಹೋದ ಬುದ್ಧಿ ಪೂರ್ತಿ ವಾಪಸ್ಸು ಬರುವುದಿಲ್ಲ.

ತಾಯಿ ಏನು ತಿನ್ನುತ್ತಾಳೆಂದು ಕೇಳಿದ್ದೇನೆ. ಬಿ-12 ಸಿಗುವ ಹಾಲು, ಮೊಟ್ಟೆ, ಮಾಂಸ ಎಲ್ಲವೂ ಉಂಟಂತೆ. ಪಕ್ಕದಲ್ಲಿ ನಿಂತಿದ್ದ ಅತ್ತೆಯೂ ತಲೆಯಾಡಿಸಿದರು. ಮನೆಯವರು ಒಳ್ಳೆಯ ಜನ. ರಕ್ತ ತೆಗೆಯುವ ದಿನವನ್ನು ವಾರ ಮುಂಚೆಯೇ ತಿಳಿಸಿದ್ದೆ. ಮಗುವಿಗೆ ಸ್ನಾನ ಮಾಡಿಸಿ, ಹೊಸ ಅಂಗಿ ತೊಡಿಸಿ ಕಾದಿದ್ದರು.

ಬೇಗ ನೋಡಿ.
ನರ್ಸಮ್ಮ


ಜನವರಿ 15
ಕೇಂದ್ರ ರಕ್ತ ಪರೀಕ್ಷಾಲಯ

ಮಾನ್ಯರೇ,

ತಾವು ಕಳುಹಿಸಿದ ಮಾದರಿಯನ್ನು ಪರೀಕ್ಷಿಸಲಾಗಿದೆ. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ. ಬಿ-12: ಸಹಜ. ವರದಿಯನ್ನು ಲಗತ್ತಿಸಿದೆ.

ಪತ್ರ ಬರೆಯುವ ಅಗತ್ಯವಿರಲಿಲ್ಲ. ಫಾರಂ ಸಾಕು.

ಮುಖ್ಯಸ್ಥರು


ಜನವರಿ 22

ಸಾಹೇಬರೇ,

ನಿಮ್ಮ ವರದಿ ಓದಿ ತಲೆ ಚಚ್ಚಿಕೊಂಡೆ. ಸಹಜ! ನೀಲಿ ಶಾಯಿಯ ದುಂಡು ಮುದ್ರೆ, ಅಂಚಿಗೆ ಚೆಂದದ ಬಳ್ಳಿ ಬೇರೆ. ಈ ಮಗುವಿನಲ್ಲಿ ಯಾವುದು ಸಹಜ, ಸ್ವಲ್ಪ ತೋರಿಸಿಕೊಡಿ. ನಿನ್ನೆ ಅವಳ ಮುಂದೆ ಗಿಲಕಿ ಆಡಿಸಿದೆ. ಅವಳ ನೋಟ ನನ್ನನ್ನು ದಾಟಿ ಗೋಡೆಗೆ ಹೋಯಿತು. ಮಗು ನಗುತ್ತಿತ್ತು, ಈಗ ನಗುತ್ತಿಲ್ಲ. ಅದನ್ನು ಅಳೆಯಲು ನಿಮ್ಮಲ್ಲಿ ಯಾವ ಟ್ಯೂಬ್ ಇದೆ?

ಒಂದು ವಿಚಿತ್ರ ನಡೆದಿದೆ. ರಕ್ತ ತೆಗೆದ ಮೇಲೆ ಎರಡು ಮೂರು ದಿನ ಮಗು ಸ್ವಲ್ಪ ಗೆಲುವಾಗಿತ್ತು, ಚೆನ್ನಾಗಿ ಹಾಲು ಕುಡಿಯಿತು. ಆಮೇಲೆ ಮತ್ತೆ ಅದೇ ಮಂಕು. ಅಜ್ಜಿಯದು, ಅಂದರೆ ಆ ಅತ್ತೆಯದು, ಬೇರೆಯೇ ವಾದ: "ಕೆಟ್ಟ ರಕ್ತ ಹೋಯ್ತಲ್ಲ ಸಿಸ್ಟರ್, ಅದಕ್ಕೇ ಹಗುರಾಯ್ತು. ಇನ್ನೊಂದ್ ಸಲ ತೆಗೀರಿ." ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವರ ಮಾತಿಗಲ್ಲ, ನನ್ನ ಅನುಮಾನಕ್ಕೆ ಮುಂದಿನ ಗುರುವಾರ ಇನ್ನೊಮ್ಮೆ ತೆಗೆಯುತ್ತೇನೆ. ಮನೆಯವರಿಗೂ ಹೇಳಿಯಾಗಿದೆ. ಫೆಬ್ರವರಿ 9ಕ್ಕೆ ಡಾಕ್ಟರು ಬರುತ್ತಾರೆ. ಅಷ್ಟರಲ್ಲಿ ನಿಮ್ಮ ಉತ್ತರ ನನ್ನ ಕೈಯಲ್ಲಿರಬೇಕು.

ನೀವು ಈಗಷ್ಟೇ ಕೆಲಸಕ್ಕೆ ಸೇರಿದ, ಇಸ್ತ್ರಿ ಮುರಿಯದ ಬಿಳಿ ಕೋಟಿನ ಹುಡುಗ ಎಂದು ಕಾಣುತ್ತದೆ. ಒಮ್ಮೆ ಇಲ್ಲಿಗೆ ಬಂದು ಮಗುವನ್ನು ಎತ್ತಿಕೊಂಡು ನೋಡಿ.

ನರ್ಸಮ್ಮ


ಜನವರಿ 26

ಮಾನ್ಯರೇ,

ನನಗೆ ಐವತ್ತೊಂಬತ್ತು. ಎರಡೂ ಮೊಣಕಾಲು ನೋಯುತ್ತವೆ. ಕೋಟಿಗೆ ಇಸ್ತ್ರಿ ಕಂಡು ವರ್ಷಗಳಾದವು.

ಇಪ್ಪತ್ತಾರು ಕೇಂದ್ರಗಳಿಂದ ದಿನಕ್ಕೆ ಮುನ್ನೂರು ಟ್ಯೂಬ್ ಬರುತ್ತವೆ. ಯಂತ್ರಕ್ಕೆ ಮಗುವಿನ ನಗುವೂ ಗೊತ್ತಿಲ್ಲ, ನರ್ಸುಗಳ ಕೋಪವೂ ಗೊತ್ತಿಲ್ಲ. ಅದೇ ಅದರ ಗುಣ ಎಂದು ನಾನು ನಂಬಿದ್ದೇನೆ. ಮಾದರಿ ಕಳಿಸಿ, ಪರೀಕ್ಷಿಸುತ್ತೇವೆ. ಮಾದರಿಯ ಜೊತೆ ಬೈಗುಳ ಕಳಿಸಬೇಡಿ, ಅದನ್ನು ಇಡಲು ನಮ್ಮಲ್ಲಿ ಫ್ರಿಜ್ ಇಲ್ಲ.

ಮುಖ್ಯಸ್ಥರು


ಜನವರಿ 29

ಟ್ಯೂಬ್ ಇದೆ. ಬೈಗುಳ ಇಲ್ಲ. ಕೈ ನಡುಕ ಜಾಸ್ತಿಯಾಗಿದೆ. ಮಗುವಿನದು, ನನ್ನದಲ್ಲ.

ನರ್ಸಮ್ಮ


ಫೆಬ್ರವರಿ 5

ಮಾನ್ಯರೇ,

ಎರಡನೇ ಮಾದರಿಯ ವರದಿ ಲಗತ್ತಿಸಿದೆ. ಬಿ-12: ಸಹಜ. ಇದೇ ಮಗುವಿನ ಮೂರನೇ ಮಾದರಿ ಕಳಿಸುವುದಾದರೆ ವೈದ್ಯರ ಪತ್ರವನ್ನು ಕಡ್ಡಾಯವಾಗಿ ಜೊತೆಗಿಡಬೇಕು.

ಮುಖ್ಯಸ್ಥರು


ಫೆಬ್ರವರಿ 20

ಸಿಸ್ಟರ್,

ಎರಡು ಗುರುವಾರ ಪೆಟ್ಟಿಗೆಯಲ್ಲಿ ನಿಮ್ಮ ಕಾಗದ ಇರಲಿಲ್ಲ. ಬೇರೆ ಟ್ಯೂಬ್‌ಗಳು ಬಂದಿದ್ದವು, ಫಾರಂ ಅಚ್ಚುಕಟ್ಟಾಗಿ ತುಂಬಿತ್ತು, ಅಷ್ಟೇ. ಪೀಡೆ ಕಳೆಯಿತು ಎಂದುಕೊಂಡೆ. ಆದರೆ ಕೂತಲ್ಲಿ ನಿಂತಲ್ಲಿ ಅದೇ ಯೋಚನೆ. ಜಗಳಗಂಟರು ಸುಮ್ಮನಾದರೆ ಭಯವಾಗುತ್ತದೆ.

ಮೊನ್ನೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ನಿಮ್ಮ ಗುಂಡಮ್ಮನ ಎರಡನೇ ಮಾದರಿಯ ಗಾಜಿನ ಸ್ಲೈಡ್ ತೆಗೆದೆ. ಹೊಸ ಯಂತ್ರ ಬಂದ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎಷ್ಟು ವರ್ಷವಾಯಿತೋ. ಅದರ ಮೇಲಿನ ಹೊದಿಕೆಯಲ್ಲಿ ಧೂಳು ಹೆಪ್ಪುಗಟ್ಟಿತ್ತು. ನೋಡಿದೆ. ಕೆಂಪು ಕಣಗಳು ಇರಬೇಕಾದ್ದಕ್ಕಿಂತ ದಪ್ಪ. ಬಿಳಿ ಕಣಗಳ ನಡುವಿನ ತಿರುಳು ಮೂರೋ ನಾಲ್ಕೋ ಹೋಳಿರಬೇಕು, ಆರು ಏಳು ಇವೆ. ಬಿ-12 ಇಲ್ಲದ ರಕ್ತ ಹೀಗೇ ಇರುತ್ತದೆ. ವಿದ್ಯಾರ್ಥಿಯಾಗಿದ್ದಾಗ ಇಂಥ ಸ್ಲೈಡನ್ನು ನಾನು ಅರ್ಧ ನಿಮಿಷದಲ್ಲಿ ಗುರುತಿಸುತ್ತಿದ್ದೆ.

ಹಾಗಾದರೆ ಯಂತ್ರ ಸುಳ್ಳು ಹೇಳಿತೇ? ಇಲ್ಲ. ಇನ್ನು ಬರೆಯುವುದನ್ನು ಓದಿ ನೀವು ನನ್ನನ್ನು ಎಷ್ಟು ಬೈದರೂ ನ್ಯಾಯವೇ.

ನಮ್ಮ ಫಾರಂನಲ್ಲಿ ಇರುವುದು ಎರಡೇ ಮನೆ: ಕಡಿಮೆ, ಸಹಜ. ಸಂಖ್ಯೆ ಬರೆಯುವ ಜಾಗವಿಲ್ಲ. ಕಡಿಮೆ ಅಲ್ಲದ್ದಕ್ಕೆಲ್ಲ ಸಹಜ ಎಂದು ಮುದ್ರೆ ಬೀಳುತ್ತದೆ. ಸಾಮಾನ್ಯವಾಗಿ ಇನ್ನೂರರಿಂದ ಒಂಬೈನೂರರ ಒಳಗಿರಬೇಕು. ನಿಮ್ಮ ಮಗುವಿನದು ಮೊದಲ ಸಲ ಸಾವಿರದ ನಾನೂರು, ಎರಡನೇ ಸಲ ಸಾವಿರದ ಎಂಟುನೂರು. ಅದು ಸಹಜ ಅಲ್ಲ ಸಿಸ್ಟರ್. ಬರೀ ತಾಯಿಯ ಹಾಲು ಕುಡಿಯುವ ಮಗುವಿನಲ್ಲಿ ಅಷ್ಟು ಬರಬೇಕಾದರೆ ಯಾರೋ ಹೊರಗಿನಿಂದ ಕೊಡುತ್ತಿರಬೇಕು, ಅದೂ ರಕ್ತ ತೆಗೆಯುವ ಹಿಂದಿನ ಒಂದೆರಡು ದಿನಗಳಲ್ಲಿ. ಸಂಖ್ಯೆ ಹೇಳುವುದು ಮೊನ್ನೆಯ ವಿಷಯ. ಕಣಗಳು ಹೇಳುವುದು ಕಳೆದ ಎರಡು ತಿಂಗಳದ್ದು.

ಆ ಮನೆಯಲ್ಲಿ ಯಾರು ಏನು ಕೊಡುತ್ತಿದ್ದಾರೆ? ತಾಯಿಯನ್ನು ಒಬ್ಬಳೇ ಇರುವಾಗ ಕೇಳಿ. ಅವಳ ರಕ್ತವನ್ನೂ ಕಳಿಸಿ. ವೈದ್ಯರ ಪತ್ರ ಬೇಡ.

ಲ್ಯಾಬಿನವನು


ಫೆಬ್ರವರಿ 26

ಸಾಹೇಬರೇ,

ಬೈಯಬೇಕೆಂದೇ ಪೆನ್ನು ತೆಗೆದೆ. ಸಾವಿರದ ಎಂಟುನೂರು! ಒಂದು ಸಂಖ್ಯೆ, ನಾಲ್ಕು ಅಂಕಿ, ಅಂಚಿನಲ್ಲಿ ಗೀಚಿದ್ದರೂ ಸಾಕಿತ್ತು. ನಾನು ಆ ಮನೆಯ ಬಾಗಿಲಿಗೆ ಆರು ವಾರ ಮುಂಚೆ ಹೋಗುತ್ತಿದ್ದೆ. ಮುದ್ರೆಗೆ ಬಳ್ಳಿ ಬಿಡಿಸಲು ಜಾಗವಿತ್ತು, ಸಂಖ್ಯೆಗೆ ಇರಲಿಲ್ಲ, ಅಲ್ಲವೇ?

ನಾನು ಸುಮ್ಮನಾದದ್ದು ಯಾಕೆಂದು ಕೇಳಿ. ಒಂಬತ್ತನೇ ತಾರೀಕು ಡಾಕ್ಟರು ಬಂದರು. ನಿಮ್ಮ ಎರಡು ವರದಿಗಳನ್ನೂ ಮೇಜಿನ ಮೇಲೆ ಹರಡಿಕೊಂಡರು. ಮಗುವಿನ ಕಡೆ ಒಂದು ನಿಮಿಷ ನೋಡಿದರೋ ಇಲ್ಲವೋ. "ಎರಡೂ ಸಲ ಸಹಜ ಬಂದಿದೆ. ಮಗು ಹುಟ್ಟಿನಿಂದ್ಲೇ ಮಂದ, ಸಿಸ್ಟರ್. ತಾಯಿಗೆ ಸುಳ್ಳು ಆಸೆ ಹುಟ್ಟಿಸ್ಬೇಡಿ" ಎಂದರು. ರಿಜಿಸ್ಟರಿನಲ್ಲಿ ಹಾಗೇ ಬರೆದು ಕೈ ತೊಳೆದುಕೊಂಡರು. ಆ ತಾಯಿ ಬಾಗಿಲಲ್ಲೇ ನಿಂತಿದ್ದಳು. ನಾನೂ ಒಪ್ಪಿಕೊಂಡುಬಿಟ್ಟೆ. ನಿಮಗೆ ಹೇಳಬಾರದೆಂದಿದ್ದೆ, ಆದರೆ ಹೇಳುತ್ತೇನೆ: ಆ ಹದಿನಾಲ್ಕು ದಿನ ನಾನು ಅವರ ಮನೆಯ ಬೀದಿಯನ್ನೇ ಬಳಸಲಿಲ್ಲ. ಮುಖ ತೋರಿಸಲು ನಾಚಿಕೆ.

ಸೋಮವಾರ ನಿಮ್ಮ ಕಾಗದ ಬಂತು. ಮರುದಿನ ಬೆಳಿಗ್ಗೆ, ಯಾರಿಗೂ ಹೇಳದೆ, ನೇರ ಅವರ ಅಡುಗೆಮನೆಗೆ ನುಗ್ಗಿದೆ. ಅಜ್ಜಿಯನ್ನು ಕೂರಿಸಿ ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಗೂಡಿನಿಂದ ಒಂದು ಬಾಟಲಿ ತೆಗೆದು ತೋರಿಸಿದರು. ದೊಡ್ಡವರು ಕುಡಿಯುವ ವಿಟಮಿನ್ ಟಾನಿಕ್.

"ನೀವು ಪರೀಕ್ಷೆ ಅಂದ್ರಲ್ಲ ಸಿಸ್ಟರ್! ಪರೀಕ್ಷೆ ಅಂದ್ಮೇಲೆ ತಯಾರಿ ಬೇಡ್ವಾ? ಎರಡು ದಿನ ಮುಂಚಿಂದ ಬೆಳಗ್ಗೆ ಸಂಜೆ ಒಂದೊಂದು ಚಮಚ ಹಾಕ್ತಿದ್ದೆ. ದೂರದ ಊರಿನೋರು ನೋಡ್ತಾರೆ, ನಮ್ಮ ಮಗು ರಕ್ತ ನೋಡಿ ಛೀ ಅನ್ಬಾರ್ದು."

"ಪರೀಕ್ಷೆ ಆದ್ಮೇಲೆ ಯಾಕೆ ಬಿಟ್ರಿ ಅಜ್ಜಿ?"

"ಪಾಸಾಯ್ತಲ್ಲ!"

ನಾನು ನಕ್ಕೆ, ಸಾಹೇಬರೇ. ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು. ಮನೆಗೆ ನೆಂಟರು ಬರುತ್ತಾರೆಂದು ಕಸ ಗುಡಿಸುವ ಹಾಗೆ ಅವರು ಮಗುವಿನ ರಕ್ತವನ್ನು ಗುಡಿಸಿಟ್ಟಿದ್ದರು. ಹೇಳಿ ಕೇಳಿ ದಿನ ಗೊತ್ತುಮಾಡಿದವಳು ಯಾರು? ನಾನೇ. ರಕ್ತ ತೆಗೆದ ಮೇಲೆ ಮಗು ಗೆಲುವಾದದ್ದು ಯಾಕೆಂದು ಯೋಚಿಸದವಳೂ ನಾನೇ. ಇಪ್ಪತ್ತಾರು ವರ್ಷದ ಸರ್ವೀಸು.

ಆಮೇಲೆ ತಾಯಿಯನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಬ್ಬಳನ್ನೇ ಹಿಡಿದೆ. ಗಂಡ ಹಳಿ ರಿಪೇರಿಯ ಗ್ಯಾಂಗ್‌ಮನ್, ಕೆಲಸಕ್ಕೆ ಹೋಗಿದ್ದ. ಮೊದಲು "ಎಲ್ಲಾ ತಿಂತೀನಿ" ಎಂದು ಅದೇ ಹಳೇ ಪಾಠ. ನಾನು ಕದಲಲಿಲ್ಲ. ಕೊನೆಗೆ ಬಾಯಿ ಬಿಟ್ಟಳು. "ಚಿಕ್ಕೋಳಿದ್ದಾಗಿಂದ ಹಾಲು, ಮೊಟ್ಟೆ, ಮಾಂಸದ ವಾಸನೆ ಬಂದ್ರೆ ಹೊಟ್ಟೆ ತೊಳಸುತ್ತೆ ಸಿಸ್ಟರ್. ಅತ್ತೆ ಬೇಜಾರು ಮಾಡ್ಕೋತಾರೆ ಅಂತ ಹೇಳಿಲ್ಲ. ಅವರು ಬಡಿಸಿ ಒಳಗೆ ಹೋದ ತಕ್ಷಣ ಇವರು ನನ್ನ ತಟ್ಟೇದು ತಿಂದ್ಬಿಡ್ತಾರೆ." ಮದುವೆಯಾಗಿ ಮೂರು ವರ್ಷದಿಂದ ಗಂಡ ಎರಡು ಪಾಲು ಉಂಡು ದಪ್ಪಗಾಗಿದ್ದಾನೆ. ಇವಳ ಅಂಗಾಲು ಜೋಮು ಹಿಡಿದು ವರ್ಷವಾಗಿದೆಯಂತೆ. ಅದನ್ನೂ ಯಾರಿಗೂ ಹೇಳಿಲ್ಲ. ತಾಯಿಯಲ್ಲೇ ಇಲ್ಲದ್ದು ಹಾಲಿನಲ್ಲಿ ಎಲ್ಲಿಂದ ಬರಬೇಕು?

ಜನವರಿಯಲ್ಲಿ ನಾನು ಅತ್ತೆಯ ಎದುರೇ ಈ ಪ್ರಶ್ನೆ ಕೇಳಿದ್ದೆ. ಅದನ್ನು ಎಷ್ಟು ಜಂಬದಿಂದ ನಿಮಗೆ ಬರೆದಿದ್ದೆ, ನೋಡಿ.

ಇಬ್ಬರ ರಕ್ತವನ್ನೂ ಅಲ್ಲೇ ತೆಗೆದೆ. ತೆಗೆದ ಮೇಲೆ ಕೇಂದ್ರಕ್ಕೆ ಕರೆತಂದು, ಕಪಾಟು ತೆಗೆದು, ಇಬ್ಬರಿಗೂ ಇಂಜೆಕ್ಷನ್ ಕೊಟ್ಟೆ. ಸಹಿ ಇಲ್ಲದೆ. ದಿನವೂ ಕೊಡುತ್ತಿದ್ದೇನೆ. ಮೇಲಿನವರಿಗೆ ದೂರು ಕೊಡುವುದಾದರೆ ಕೊಡಿ, ಇದೇ ಕಾಗದ ಸಾಕ್ಷಿಗೆ ಸಾಕು.

ನರ್ಸಮ್ಮ


ಮಾರ್ಚ್ 5

ಸಿಸ್ಟರ್,

ತಾಯಿ: ಅರವತ್ತೆಂಟು. ಮಗು: ನೂರ ಹತ್ತು. ಮುದ್ರೆ ಹಾಕಿಲ್ಲ. ಡಾಕ್ಟರಿಗೆ ಪ್ರತ್ಯೇಕ ಕಾಗದ ಇಟ್ಟಿದ್ದೇನೆ. ಹಿಂದಿನ ಎರಡು ವರದಿಗಳು ಹೇಗೆ ದಾರಿ ತಪ್ಪಿಸಿದವು, ಯಾರ ತಪ್ಪು, ಎಲ್ಲ ಬರೆದು ನನ್ನ ಪೂರ್ತಿ ಸಹಿ ಹಾಕಿದ್ದೇನೆ.

ನಿಮ್ಮ ಕಾಗದದಲ್ಲಿ ಸಹಿ ಇಲ್ಲದೆ ಇಂಜೆಕ್ಷನ್ ಕೊಟ್ಟ ವಿಷಯ ಇರುವ ಸಾಲಿನ ಮೇಲೆ ನನ್ನ ಚಹಾ ಚೆಲ್ಲಿತು. ಓದಲಾಗಲಿಲ್ಲ.

ಮೊದಲ ವಾರ ನಡುಕ ಹೆಚ್ಚಾಗಬಹುದು. ಹೆದರಬೇಡಿ, ನಿಲ್ಲಿಸಬೇಡಿ.

ಲ್ಯಾಬಿನವನು


ಮಾರ್ಚ್ 12

ಸಾಹೇಬರೇ,

ನಿಮ್ಮ ಎಚ್ಚರಿಕೆ ತಲುಪುವ ಮೊದಲೇ ನಡುಕ ಬಂದಿತ್ತು. ನಾಲ್ಕನೇ ದಿನ ಮಗು ಗಡಗಡ ನಡುಗಿತು. ಅಜ್ಜಿ ನನ್ನ ಮುಖಕ್ಕೇ ಬಾಗಿಲು ಹಾಕಿದರು. "ಮಂದ ಇದ್ರೂ ಜೀವಂತ ಇತ್ತು, ಈಗ ಕೊಂದೇಬಿಡ್ತೀರಾ?" ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ನನಗೂ ಧೈರ್ಯವಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಆ ತಾಯಿಯೇ ಬಾಗಿಲು ತೆಗೆದು ಮಗುವನ್ನು ಹೊರಗೆ ತಂದು ನನ್ನ ತೊಡೆಯ ಮೇಲಿಟ್ಟಳು. "ನಂಗೆ ಕಾಲಿನ ಜೋಮು ಕಮ್ಮಿಯಾಗಿದೆ ಸಿಸ್ಟರ್. ಕೊಡಿ." ಅತ್ತೆಯ ಎದುರು ಅವಳು ದನಿ ಎತ್ತಿದ್ದನ್ನು ನಾನು ಅಂದೇ ಕೇಳಿದ್ದು.

ಆರು ದಿನಕ್ಕೆ ನಡುಕ ಇಳಿಯಿತು. ಮಗು ಹಾಲಿಗೆ ಅಳತೊಡಗಿತು. ಅಳುವನ್ನು ಕೇಳಿ ಇಷ್ಟು ಸಂತೋಷಪಟ್ಟವರು ಈ ಕಾಲನಿಯಲ್ಲಿ ಯಾರೂ ಇರಲಿಕ್ಕಿಲ್ಲ. ಇವತ್ತು ನಗುತ್ತಾಳೆ, ನಾಳೆ ನಗುತ್ತಾಳೆ ಎಂದು ನಾನು ದಿನಕ್ಕೆರಡು ಸಲ ಹೋಗಿ ಕೋತಿಯ ಹಾಗೆ ಮುಖ ಮಾಡಿದೆ. ಊಹೂಂ.

ಒಂಬತ್ತನೇ ತಾರೀಕಿಗೆ ಡಾಕ್ಟರು ಬಂದರು. ಅವರು ನಿಮ್ಮ ಕಾಗದ ಓದುತ್ತಿದ್ದಾಗ ಗುಂಡಮ್ಮ ತಾಯಿಯ ಹೆಗಲಿನಿಂದ ಅವರ ಟೈ ನೋಡಿದಳು. ನೋಡಿ, ಬಾಯಗಲಿಸಿ ನಕ್ಕಳು. ಹೌದು, ಅವರಿಗೇ! ಎಂಟು ವಾರ ನಾನು ಕಾದ ನಗು ಆ ಮನುಷ್ಯನ ಟೈಗೆ ಹೋಯಿತು. ಅವರು, "ನೋಡಿದ್ರಾ? ಕೆಲವು ಮಕ್ಕಳು ನಿಧಾನ ಅಷ್ಟೇ, ತಾನಾಗೇ ಸರಿಹೋಗುತ್ತೆ" ಎನ್ನುತ್ತ, ಹಿಂದಿನ ತಾರೀಕು ಹಾಕಿ ಇಂಜೆಕ್ಷನ್ನಿಗೆ ಸಹಿ ಮಾಡಿದರು, ನನಗೇನೋ ಉಪಕಾರ ಮಾಡಿದವರ ಹಾಗೆ. ಹೊಟ್ಟೆ ಉರಿಯಿತು. ಆದರೂ ಆ ಹೊತ್ತಿಗೆ ಅವರನ್ನು ಕ್ಷಮಿಸಿದೆ. ಆಮೇಲೆ ಕ್ಷಮೆಯನ್ನು ವಾಪಸ್ಸು ತೆಗೆದುಕೊಂಡೆ.

ಕತ್ತು ನಿಲ್ಲುತ್ತಿದೆ. ಇನ್ನೂ ಕೂರುವುದಿಲ್ಲ. ಹೋದ ಮೂರು ತಿಂಗಳಲ್ಲಿ ಎಷ್ಟು ವಾಪಸ್ಸು ಬರುತ್ತದೋ ಯಾರೂ ಹೇಳಲಾರರು. ನಾನೂ ಕೇಳುತ್ತಿಲ್ಲ.

ಆ ಫಾರಂ ಬದಲಾಯಿಸಿ.

ನರ್ಸಮ್ಮ


ಮಾರ್ಚ್ 26

ಸಿಸ್ಟರ್,

ಫಾರಂ ಬದಲಾಯಿತು. ಅದಕ್ಕೆ ಇಷ್ಟು ದಿನ ಬೇಕಾಗಲಿಲ್ಲ, ಒಂದು ಮಧ್ಯಾಹ್ನ ಸಾಕಾಯಿತು. ಅದೇ ನನ್ನನ್ನು ಕೊಲ್ಲುತ್ತಿದೆ.

ಉಳಿದ ದಿನಗಳಲ್ಲಿ ನಾನು ಹಳೆಯ ರಿಜಿಸ್ಟರುಗಳನ್ನು ತೆಗೆದು ಕೂತಿದ್ದೆ. ಸಂಖ್ಯೆಗಳು ನಮ್ಮ ಪುಸ್ತಕದಲ್ಲಿ ಇದ್ದೇ ಇವೆ, ನಿಮಗೆ ಕಳಿಸುತ್ತಿರಲಿಲ್ಲ ಅಷ್ಟೇ. ಯಂತ್ರ ಬಂದು ಒಂಬತ್ತು ವರ್ಷ. ಒಂದು ವರ್ಷದೊಳಗಿನ ಮಕ್ಕಳು, ನರ್ಸುಗಳು ಕೊರತೆಯ ಅನುಮಾನದಿಂದಲೇ ಕಳಿಸಿದ ರಕ್ತ, ಸಂಖ್ಯೆ ಸಾವಿರಕ್ಕಿಂತ ಮೇಲೆ, ಆದರೂ ನಾನು ಸಹಜ ಎಂದು ಮುದ್ರೆ ಹೊಡೆದವು: ಮೂವತ್ತೊಂದು. ಕೆಲವರಿಗೆ ವೈದ್ಯರೇ ವಿಟಮಿನ್ ಕೊಟ್ಟಿರಬಹುದು. ಎಲ್ಲರಿಗೂ ಅಲ್ಲ. ಆ ಅಜ್ಜಿಯಂಥವರು ಒಬ್ಬರೇ ಅಲ್ಲ, ಎಲ್ಲ ಕಡೆ ಇರುತ್ತಾರೆ. ನಾವೂ ಎಲ್ಲ ಕಡೆ ಮುಂಚೆಯೇ ದಿನ ಹೇಳುತ್ತೇವೆ.

ಒಂದೊಂದು ಕೇಂದ್ರಕ್ಕೂ ಕಾಗದ ಬರೆಯುತ್ತಿದ್ದೇನೆ, ಕೈಯಲ್ಲೇ. ಹದಿನೆಂಟು ಆಗಿವೆ. ನಿಮ್ಮ ಕಾಲನಿಯದೂ ಒಂದಿದೆ. ನಾಲ್ಕು ವರ್ಷದ ಹಿಂದಿನ ಏಪ್ರಿಲ್, ಎಂಟು ತಿಂಗಳ ಹೆಣ್ಣು ಮಗು, ತಂದೆ ಸಿಗ್ನಲ್ ಕ್ಯಾಬಿನ್ನಿನವರು. ಸಂಖ್ಯೆ ಸಾವಿರದ ಆರುನೂರ ಐವತ್ತು. ಫಾರಂನ ಬೆರಳಗಲ ಜಾಗದಲ್ಲಿ ನಿಮ್ಮದೇ ಅಕ್ಷರ: "ನಗುತ್ತಿಲ್ಲ."

ಆ ಮಗು ಈಗ ಹೇಗಿದೆ?

ಲ್ಯಾಬಿನವನು


ಏಪ್ರಿಲ್ 9

ಅಣ್ಣಾ,

ಹೋದ ಗುರುವಾರ ಬರೆಯಲಾಗಲಿಲ್ಲ. ಕೂತೆ, ಬರೆದೆ, ಹರಿದೆ.

ಆ ಮಗು ನನಗೆ ಗೊತ್ತು. ಆಗ ನಾನು ಕಾಗದ ಬರೆಯಲಿಲ್ಲ, ಎರಡನೇ ಸಲ ರಕ್ತ ತೆಗೆಯಲಿಲ್ಲ, ಯಾರ ಜೊತೆಗೂ ಜಗಳವಾಡಲಿಲ್ಲ. ವರದಿ ಬಂತು, ನಂಬಿದೆ. ಅವಳಿಗೆ ಈಗ ನಾಲ್ಕೂ ಮುಕ್ಕಾಲು. ಎರಡೂವರೆಗೆ ನಡೆದಳು. ಮಾತು ಬಂದಿಲ್ಲ. ಕ್ಯಾಬಿನ್ನಿನ ಮೆಟ್ಟಿಲ ಬುಡದಲ್ಲಿ ಕೂತು ಹಳಿಯ ಕಡೆ ನೋಡುತ್ತಿರುತ್ತಾಳೆ. ನಾನು ದಿನಾ ಅವಳ ಮುಂದೆ ಹಾದುಹೋಗುತ್ತೇನೆ. ಕೆನ್ನೆ ಸವರಿ ಹೋಗುತ್ತೇನೆ.

ನಿನ್ನೆ ಅವಳ ಮನೆಗೆ ಹೋದೆ. ಹೇಳದೆ ಹೋದೆ. ಪೆಟ್ಟಿಗೆಯಲ್ಲಿ ಅವಳ ಟ್ಯೂಬ್ ಇದೆ, ನೀವು ಏನು ಬರೆಯುತ್ತೀರೆಂದು ನನಗೆ ಈಗಲೇ ಗೊತ್ತು. ಈಗ ಅವಳು ಹಾಲು ಕುಡಿಯುತ್ತಾಳೆ, ಮೊಟ್ಟೆ ತಿನ್ನುತ್ತಾಳೆ. ಸಂಖ್ಯೆ ಸರಿಯಾಗಿಯೇ ಬರುತ್ತದೆ. ಈ ಸಲ ಅದು ನಿಜವೂ ಆಗಿರುತ್ತದೆ, ಅದರಿಂದ ಅವಳಿಗೆ ಹೋದದ್ದೇನೂ ವಾಪಸ್ಸು ಬರುವುದಿಲ್ಲ.

ಸೂಜಿ ಚುಚ್ಚಿದಾಗ ಅವಳು ಅಳಲಿಲ್ಲ. ತಾಯಿ ಹತ್ತಿ ಒತ್ತಿ ಹಿಡಿದುಕೊಂಡು ಕೇಳಿದಳು: "ಆವತ್ತು ಎಲ್ಲಾ ಸರಿ ಇದೆ ಅಂದಿದ್ರಲ್ಲ ಸಿಸ್ಟರ್, ಈಗ ಮತ್ತೆ ಯಾಕೆ?"

ಸಂಜೆ ಬರುತ್ತೇನೆ, ಕೂತು ಹೇಳುತ್ತೇನೆ ಎಂದು ಎದ್ದು ಬಂದೆ. ಈಗ ಸಂಜೆ ನಾಲ್ಕೂವರೆ. ಒಂದು ಸಂಜೆ ಆಗಲೇ ತಪ್ಪಿಸಿಕೊಂಡಿದ್ದೇನೆ. ಈ ಕಾಗದವನ್ನು ಗಾರ್ಡ್ ಕೈಗೆ ಕೊಟ್ಟು ಅಲ್ಲಿಗೇ ಹೋಗುತ್ತೇನೆ.

ನಿಮ್ಮ ತಂಗಿ,
ನರ್ಸಮ್ಮ